ಅಪ್ಪನ ಟವೆಲ್ಲು ಹಾರುತ್ತಿದ್ದ ಎತ್ತರ

ಮಿಮಿಕ್ರಿ ಎಂದರೆ ಗಂಟಲು ಎಂದು ತಿಳಿದವರೇ ಹೆಚ್ಚು. ಗಂಟಲು ಯಾರಿಗಾದರೂ ಬರುತ್ತದೆ, ನೆಗಡಿಯಾದರೆ ಇನ್ನೂ ಚೆನ್ನಾಗಿ ಬರುತ್ತದೆ. ನನ್ನ ಬಂಡವಾಳ ಬಲ ಹೆಗಲು, ಮತ್ತು ಒಂದು ಟವೆಲ್ಲು. ನಮ್ಮ ಕಡೆ ಗಂಡಸರ ಮಾತು ಮುಗಿಯಿತೆಂದು ಗೊತ್ತಾಗುವುದು ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡಾಗ. ಒಬ್ಬೊಬ್ಬರದು ಒಂದೊಂದು ಪರಿ. ಕೊಟ್ಟೂರಿನ ಕಿರಾಣಿ ಸಾಹುಕಾರರು ಅದನ್ನು ನಿದ್ದೆಹೋದ ಕೂಸಿನಂತೆ ಹೆಗಲ ಮೇಲೆ ಮಲಗಿಸುತ್ತಾರೆ. ಕೂಡ್ಲಿಗಿಯಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಮೊದಲು ಗಾಳಿಯಲ್ಲಿ ಗಡಗಡನೆ ಬೋರ್ಡು ಒರೆಸಿ ಆಮೇಲೆ ಹಾಕಿಕೊಳ್ಳುತ್ತಾರೆ. ಹರಪನಹಳ್ಳಿ ಕಡೆಯ ಒಬ್ಬ ಮುಖಂಡರು ಹಾಕಿಕೊಂಡ ಮೇಲೆ ಎಡಬಲ ನೋಡುತ್ತಾರೆ, ಯಾರಾದರೂ ಫೋಟೊ ತೆಗೆದರೇನೋ ಎಂದು. ನಾನು ಬಾಯಿ ಬಿಡದೆ ಟವೆಲ್ಲು ಎಸೆದರೆ ಸಾಕು, ಚಹಾದಂಗಡಿಯಲ್ಲಿ ಕೂತವರು ಅದು ಯಾರದೋ ಅವರ ಹೆಸರು ಹಿಡಿದು ಕೂಗುತ್ತಿದ್ದರು.

ಅಪ್ಪನದನ್ನು ಮಾತ್ರ ಅಂಗಡಿಯಲ್ಲಿ ಮಾಡುತ್ತಿರಲಿಲ್ಲ. ಅಪ್ಪ ಹಡಗಲಿಯಲ್ಲಿ ಮಲ್ಲಿಗೆ ಬುಟ್ಟಿಗಳನ್ನು ಬಸ್ಸಿಗೇರಿಸುತ್ತಿದ್ದ. ಕೊನೆಯ ಬುಟ್ಟಿ ಹತ್ತಿದ ಕೂಡಲೇ ಮೊಣಕೈಯನ್ನು ಕಿವಿಗಿಂತ ಮೇಲೆತ್ತಿ, ಒದ್ದೆ ಟವೆಲ್ಲನ್ನು ತಲೆಯ ಮೇಲೆ ಒಂದು ಸುತ್ತು ತಿರುಗಿಸಿ, ನೋಡದೆಯೇ ಬಿಡುತ್ತಿದ್ದ. ಅದು ಬಂದು ಎಡ ಹೆಗಲ ಮೇಲೆ ಕೂರುತ್ತಿತ್ತು. ಅವ್ವ ನಾನು ಸಣ್ಣವನಿದ್ದಾಗಲೇ ಹೋದಳು, ಆಮೇಲೆ ಅಪ್ಪನೂ ಹೋದ. ಅವನದೊಂದು ಫೋಟೊ ಇದೆ, ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದು. ಅದರಲ್ಲಿ ಪೊಲೀಸರು ಹುಡುಕುತ್ತಿರುವವನ ಹಾಗೆ ಕಾಣುತ್ತಾನೆ. ಆ ಟವೆಲ್ಲು ಹಾರುವುದು ನನ್ನ ಹೆಗಲಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ.

ಆ ಹೆಗಲನ್ನೇ ಒಡೆದುಕೊಂಡೆ. ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಪ್ರಚಾರದ ಆಟೋಗಳಿಗೆ ದನಿ ಕೊಡುವುದು ನನ್ನ ಕೆಲಸ. ಸೀರೆ ಅಂಗಡಿ, ಬೋರ್‌ವೆಲ್, ಮೂಲವ್ಯಾಧಿ ಔಷಧಿ, ಎಲ್ಲಕ್ಕೂ ಒಂದೇ ಉತ್ಸಾಹ. ಒಂದು ಸಂಜೆ ರೆಕಾರ್ಡಿಂಗ್ ಮುಗಿಸಿ ಬರುವಾಗ, ಬೈಕಿನ ಹಿಂದೆ ಕೂತ ಗೆಳೆಯನಿಗೆ ಆ ಮುಖಂಡರನ್ನು ಮಾಡಿ ತೋರಿಸಲು ಹ್ಯಾಂಡಲ್ ಬಿಟ್ಟೆ. ಎಡಬಲ ಚೆನ್ನಾಗಿಯೇ ನೋಡಿದೆ. ಎದುರಿಗಿದ್ದ ಹಂಪ್ ನೋಡಲಿಲ್ಲ. ಗೆಳೆಯ ಹುಲ್ಲಿನ ಮೇಲೆ ಬಿದ್ದ, ನಾನು ಹೆಗಲ ಮೇಲೆ.

ನಮ್ಮ ಕಡೆಯ ರೈಲು ಕೊನೆಗೆ ಹೋಗಿ ನಿಲ್ಲುವ ದೊಡ್ಡ ಊರಿನ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇ ನೋಡಿ, "ಎಲುಬಿನ ಗುಂಡು ಪುಡಿಯಾಗೈತೆ. ನಿನ್ನ ವಯಸ್ಸಿಗೆ ಕೀಲು ಬದಲಿ ಮಾಡಬಾರದು, ಮಾಡದೆ ದಾರಿನೂ ಇಲ್ಲ," ಎಂದರು. ಅವರಲ್ಲಿ ಹೊಸ ಕೀಲೊಂದು ಪರೀಕ್ಷೆಯ ಹಂತದಲ್ಲಿತ್ತು. ಒಳಗೇ ಸೆನ್ಸರ್ ಇರುತ್ತದೆ. ಹೆಗಲು ಎಷ್ಟು ಎದ್ದಿತು, ಎಲ್ಲಿ ಜಗ್ಗಿತು ಎಂದು ಅದು ಗುರುತಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಸಂಜೆ ಅವರು ಕೊಟ್ಟ ಒಂದು ಬಿಲ್ಲೆಯನ್ನು ಹೆಗಲಿಗೆ ಹಿಡಿದರೆ ಎಲ್ಲವೂ ಫೋನಿನ ಮೂಲಕ ಆಸ್ಪತ್ರೆಗೆ ಹೋಗುತ್ತದೆ. ಬಿಗಿ, ಸಡಿಲ ಮಾಡಬೇಕೆಂದರೆ ಮತ್ತೆ ಕುಯ್ಯಬೇಕಿಲ್ಲ, ಹೊರಗಿನಿಂದಲೇ ಆಗುತ್ತದೆ. ಒಪ್ಪಿಗೆಗೆ ಎಡಗೈಯಲ್ಲಿ ಸಹಿ ಹಾಕಿದೆ. ಅದು ಯಾರ ಸಹಿಯ ಹಾಗೂ ಇರಲಿಲ್ಲ.

ಆಪರೇಷನ್ ಆಗಿ ಕೈ ಕೊರಳಿನ ಜೋಳಿಗೆಯಲ್ಲಿದ್ದಷ್ಟು ದಿನ ಚಹಾದಂಗಡಿಯವರಿಗೆ ನನ್ನ ಹತ್ತಿರ ಕೆಲಸವಿರಲಿಲ್ಲ. "ಕೈ ನೆಟ್ಟಗಾಗ್ಲಿ, ಆಮ್ಯಾಲ ಬಾರಲೇ," ಎನ್ನುತ್ತಿದ್ದರು, ಪ್ರೀತಿಯಿಂದಲೇ. ತಪ್ಪದೆ ಫೋನ್ ಮಾಡುತ್ತಿದ್ದವಳು ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಫಿಸಿಯೋ ಒಬ್ಬಳೇ. ಒಮ್ಮೆ ಅವಳಿಗೆ ಸಾಹುಕಾರರ ದನಿಯಲ್ಲಿ ಉತ್ತರ ಕೊಟ್ಟೆ. ಅವಳಿಗೆ ಸಾಹುಕಾರರು ಗೊತ್ತಿಲ್ಲವಲ್ಲ, "ಗಂಟಲು ಕಟ್ಟಿದೆಯಾ? ಬಿಸಿನೀರು ಕುಡೀರಿ," ಎಂದಳು. ಕುಡಿದೆ.

ಕೈ ಏಳತೊಡಗಿದ ಮೇಲೆ ಮಧ್ಯಾಹ್ನದ ಹೊತ್ತು ಬಾಗಿಲು ಹಾಕಿಕೊಂಡು, ಬೀರುವಿನ ಕನ್ನಡಿಯ ಮುಂದೆ ಒಬ್ಬೊಬ್ಬರನ್ನೇ ಕರೆದೆ. ಸಾಹುಕಾರರು ಮೊದಲು ಬಂದರು, ಅವರದು ಕಡಿಮೆ ಎತ್ತರ. ಆಮೇಲೆ ಮೇಷ್ಟ್ರು, ಮುಖಂಡರು. ಎಲ್ಲರಿಗಿಂತ ತಡವಾಗಿ, ಹಲ್ಲು ಕಚ್ಚಿ ಎತ್ತಿದಾಗ, ಅಪ್ಪ. ಕನ್ನಡಿಯಲ್ಲಿ ಮುಖ ಬಿಟ್ಟು ಹೆಗಲನ್ನಷ್ಟೇ ನೋಡಿದರೆ ಕೋಣೆಯಲ್ಲಿ ಇನ್ನೊಬ್ಬರು ಇದ್ದಂತೆ ಆಗುತ್ತಿತ್ತು. ಚಪ್ಪಾಳೆಗೆ ಯಾರೂ ಇಲ್ಲ. ಕಿಟಕಿಯಲ್ಲಿ ಚಾರ್ಜಿಗಿಟ್ಟ ಬಿಲ್ಲೆ ಮಿಣಮಿಣ ಎನ್ನುತ್ತಿತ್ತು.

ಫಿಸಿಯೋ ಫೋನ್ ಮಾಡಿದಳು. "ನಿಮ್ಮ ಕೀಲು ಸಡಿಲ ಆಗಿರೋ ಹಾಗಿದೆ. ಚಲನೆ ಒಂದರ ಹಾಗೆ ಇನ್ನೊಂದಿಲ್ಲ. ಬನ್ನಿ, ಬಿಗಿ ಮಾಡ್ತಾರೆ."

"ಬಿಗಿ ಮಾಡಿದ್ರ ಕೈ ಎಲ್ಲಿ ಮಟ ಏಳತೈತ್ರಿ?"

"ಕಿವಿ ಮಟ್ಟಕ್ಕೆ. ಊಟ, ಸ್ನಾನ, ತಲೆ ಬಾಚೋದು, ಯಾವುದಕ್ಕೂ ತೊಂದರೆ ಇಲ್ಲ."

ಅಪ್ಪನಿಗೆ ಕಿವಿಗಿಂತ ಮೇಲೆ ಬೇಕು. ಅದನ್ನು ಫೋನಿನಲ್ಲಿ ಹೇಳುವುದು ಹೇಗೆಂದು ತಿಳಿಯಲಿಲ್ಲ. ಟವೆಲ್ಲನ್ನು ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿದೆ. ಕೊಟ್ಟೂರಿನಲ್ಲಿ ಹತ್ತಿದ ಮುದುಕರೊಬ್ಬರು ಎದುರಿಗೆ ಕೂತು ಟವೆಲ್ಲಿನಿಂದ ಸೀಟು ಒರೆಸಿ ಹೆಗಲಿಗೆ ಎಸೆದರು, ಬಲು ಚಂದ. ನನ್ನ ಹೆಗಲು ತಾನಾಗಿಯೇ ಅಲ್ಲಾಡಿತು. ಹರಪನಹಳ್ಳಿ ದಾಟುವವರೆಗೂ ಅವರನ್ನೇ ನೋಡುತ್ತಿದ್ದೆ. ಅವರು ತಮ್ಮ ಬ್ಯಾಗನ್ನು ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡರು.

ಡಾಕ್ಟರು ಪರದೆಯ ಮೇಲೆ ನನ್ನ ಹೆಗಲಿನ ಗೆರೆಗಳನ್ನು ತೋರಿಸಿದರು. "ಇದು ನಿಧಾನ ಏರೈತೆ. ಇದು ಗಡಗಡ ಅಂತೈತೆ. ಇದು ತುದಿಗೆ ಹೋಗಿ ಜಗ್ಗೈತೆ. ಸರಿ ಇರೋ ಕೀಲು ಹಿಂಗೆ ಮಾಡಲ್ಲಪ್ಪ."

"ಅದು ಕೀಲಲ್ರಿ, ಕಿರಾಣಿ ಸಾಹುಕಾರ್ರು. ಗಡಗಡ ಅನ್ನೋರು ನಮ್ಮ ಗಣಿತದ ಮೇಷ್ಟ್ರು."

ಅವರು ಫಿಸಿಯೋ ಕಡೆ ನೋಡಿದರು, ಇವನಿಗೆ ಬಿದ್ದಾಗ ತಲೆಗೂ ಪೆಟ್ಟಾಗಿತ್ತೇ ಎಂಬಂತೆ. ನಾನು ಟವೆಲ್ಲು ತೆಗೆದೆ. ಬಿಲ್ಲೆಯನ್ನು ಹೆಗಲಿಗೆ ಅಂಟಿಸಿ ಮಾಡಿಸಿದರು. ಸಾಹುಕಾರರು, ಮೇಷ್ಟ್ರು, ಮುಖಂಡರು. ಪರದೆಯ ಮೇಲೆ ಅವವೇ ಗೆರೆಗಳು ಎದ್ದವು. ಬಾಗಿಲ ಬಳಿ ನರ್ಸೊಬ್ಬಳು ನಕ್ಕಳು. ಯಾರಾದರೂ ನಕ್ಕು ಬಹಳ ದಿನವಾಗಿತ್ತು, ಆ ಹುರುಪಿನಲ್ಲಿ ಡಾಕ್ಟರು ಕನ್ನಡಕ ಏರಿಸುವುದನ್ನೂ ಮಾಡಿಬಿಟ್ಟೆ. ಅವರು ನಗಲಿಲ್ಲ, ಕನ್ನಡಕ ಏರಿಸಿದರು.

"ಆಯ್ತಪ್ಪ, ಕೀಲು ಸಡಿಲಾಗಿಲ್ಲ. ಈಗ ನಿಂದು ಮಾಡು."

"ನಂದು ಅಂದ್ರ?"

"ನೀನು ಹೆಂಗೆ ಹಾಕ್ಕೊಳ್ತೀಯ, ಅದು. ಕೀಲು ಹೊಂದಿಸೋಕೆ ನಿನ್ನ ಅಳತೆ ಬೇಕಲ್ಲ."

ಟವೆಲ್ಲು ಹಿಡಿದು ನಿಂತೆ. ಎತ್ತಿದರೆ ಸಾಹುಕಾರರು ಬಂದರು. ಇಳಿಸಿದೆ. ಮತ್ತೆ ಎತ್ತಿದರೆ ರೈಲಿನ ಮುದುಕರು ಬಂದರು. ನರ್ಸು ಇನ್ನೂ ನಗುತ್ತಿದ್ದಳು, ಇದೂ ಆಟವೆಂದುಕೊಂಡು.

"ಬಿಡಿ, ಸಿಕ್ಕಿದೆ," ಎಂದು ಫಿಸಿಯೋ ಪರದೆಯ ಮೇಲೆ ಬೆರಳಿಟ್ಟಳು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಸಣ್ಣ ಇಳಿತ, ಪ್ರತಿ ಸಲವೂ ಒಂದೇ ತೆರನಾದದ್ದು. ಒಬ್ಬರನ್ನು ಮುಗಿಸಿದ ಮೇಲೆ ಟವೆಲ್ಲನ್ನು ಮೊಣಕೈಗೆ ಇಳಿಬಿಟ್ಟುಕೊಂಡು ನಿಲ್ಲುತ್ತಿದ್ದೆನಂತೆ, ಇನ್ನೊಬ್ಬರು ಬರುವ ತನಕ. "ಇಷ್ಟು ದಿನ ಬಂದಿರೋದರಲ್ಲಿ ಬದಲಾಗದೆ ಇರೋದು ಇದೊಂದೇ. ಇದು ನಿಮ್ಮದು."

ನೋಡಿದೆ. ಬಸ್ಸು ತಪ್ಪಿಸಿಕೊಂಡವನು ವಾಪಸ್ಸು ಬೆಂಚಿಗೆ ಹೋಗಿ ಕೂರುವಾಗ ಹೆಗಲು ಇರುತ್ತದಲ್ಲ, ಹಾಗಿತ್ತು. ಇಷ್ಟು ವರ್ಷ ಊರಿನವರನ್ನೆಲ್ಲ ಆಡಿಕೊಂಡವನಿಗೆ ಇದು ಕಣ್ಣಿಗೇ ಬಿದ್ದಿರಲಿಲ್ಲ.

"ತುದಿಗೆ ಹೋಗಿ ಜಗ್ಗೋದು ಯಾರದು?" ಡಾಕ್ಟರು ಕೇಳಿದರು.

"ನಮ್ಮಪ್ಪಂದ್ರಿ. ತೀರ್ಕೊಂಡಾನ."

ಅವರು ಆ ಗೆರೆಯ ತುದಿಗೆ ಬೆರಳಿಟ್ಟರು. ಹೊಲಿದ ಸ್ನಾಯು ಹರಿಯುವುದು ಅಲ್ಲಿಯೇ, ಹರಿದರೆ ಯಾರನ್ನೂ ಮಾಡಲು ಆಗುವುದಿಲ್ಲ ಎಂದರು. "ಈಗ ಬಿಗಿ ಮಾಡ್ತೀನಿ. ಗಟ್ಟಿ ಆದ್ಮೇಲೆ ಸಡಿಲ ಮಾಡಬಹುದು. ಇಂಥ ಕೀಲು ಹಾಕಿರೋದು ಅದಕ್ಕೇ."

"ಯಾವಾಗ್ರಿ?"

"ಹೇಳೋಕಾಗಲ್ಲ. ವರ್ಷವೂ ಹಿಡೀಬಹುದು."

ಅಪ್ಪನದನ್ನು ನಾನು ತಲೆಯಲ್ಲಿ ಇಟ್ಟುಕೊಂಡವನಲ್ಲ. ಅಷ್ಟರಲ್ಲಿ ಹೆಗಲು ಮರೆತರೆ ಯಾರನ್ನು ಕೇಳುವುದು? "ಅದಕ್ಕ ಮೊದ್ಲು ಒಂದ್ಸಲ ಮಾಡ್ಲೇನ್ರಿ?"

ಡಾಕ್ಟರು ಬೇಡವೆನ್ನಲಿಲ್ಲ. ಒಣ ಟವೆಲ್ಲಿಗೆ ಆ ಭಾರವಿರುವುದಿಲ್ಲ, ಮೂಲೆಯ ನಲ್ಲಿಯಲ್ಲಿ ನೆನೆಸಿಕೊಂಡೆ. ಫಿಸಿಯೋ ಬಿಲ್ಲೆ ಜಾರದಂತೆ ಒತ್ತಿ, ದೂರ ಸರಿದಳು. ಎತ್ತಿದೆ. ತಲೆಯ ಮೇಲೆ ಒಂದು ಸುತ್ತು. ಹನಿಗಳು ಡಾಕ್ಟರ ಕನ್ನಡಕಕ್ಕೆ ಸಿಡಿದವು. ನೋಡದೆ ಬಿಟ್ಟೆ. ಬಂದು ಎಡ ಹೆಗಲ ಮೇಲೆ ತಣ್ಣಗೆ ಕೂತಿತು. ಯಾರೂ ನಗಲಿಲ್ಲ, ಹೆಸರು ಹಿಡಿದು ಕೂಗಲಿಲ್ಲ. ಅಲ್ಲಿ ಅಪ್ಪನನ್ನು ಕಂಡವರು ಯಾರೂ ಇರಲಿಲ್ಲ.

"ಬಂದಿದೆ. ಈ ಗೆರೆ ತೆಗೆದಿಟ್ಟಿರ್ತೀನಿ," ಎಂದಳು ಫಿಸಿಯೋ.

ಆಮೇಲೆ ಹೆಗಲಿಗೊಂದು ಯಂತ್ರ ಹಿಡಿದರು. ಗುಂಯ್ ಎಂದಿತು, ಒಳಗೆ ಯಾರೋ ಮಂಚದ ನಟ್ಟು ತಿರುವಿದಂತಾಯಿತು, ಮುಗಿಯಿತು. ಕೈ ಕಿವಿಯ ತನಕ ಹೋಗಿ ನಿಂತಿತು.

ಮರುದಿನ ಚಹಾದಂಗಡಿಗೆ ಹೋದೆ. ಹುಲ್ಲಿನ ಮೇಲೆ ಬಿದ್ದಿದ್ದ ಗೆಳೆಯನೇ ಮೊದಲು ಕಂಡ. "ಬಂದ್ನಪ್ಪ, ಕಬ್ಬಿಣದ ಹೆಗಲು. ಹೂಂ, ಯಾರ್ನರ ಮಾಡ್ಲೇ."

ಟವೆಲ್ಲನ್ನು ಹೆಗಲಿನಿಂದ ತೆಗೆದು, ಮೊಣಕೈಗೆ ಇಳಿಬಿಟ್ಟು ನಿಂತೆ. ಅವರು ಕಾದರು.

"ಯಾರದಲೇ ಇದು?"

"ನೀವೇ ಹೇಳ್ರಿ."

"ಬ್ಯಾಂಕಿನ ಕ್ಯಾಶಿಯರ್ರು?"

"ಅಲ್ಲ."

"ನಮ್ಮೂರಾವನೇನು?"

"ಹೂಂ. ಇದೇ ಅಂಗಡಿಗೆ ಬರ್ತಾನ."

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೊಮ್ಮೆ ಮಾಡಿದೆ, ನಿಧಾನವಾಗಿ. ಗೆಳೆಯ ತಲೆಯಾಡಿಸಿದ. "ಗೊತ್ತಾಗವಲ್ದು ಬಿಡಲೇ. ಕೈ ಇನ್ನಾ ಸರಿ ಬಂದಿಲ್ಲ ನಿಂದು."

ಸಾಹುಕಾರರನ್ನು ಮಾಡಿದೆ. ಎಲ್ಲರೂ ಒಟ್ಟಿಗೆ ಕೂಗಿದರು.