ಬಾಲ ನೋಡಿ ಜೋಡಿಸಿದ ಬಾಟಲಿಗಳು

ಶ್ರೀರಂಗಪಟ್ಟಣದ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಪ್ಪ ಅಟೆಂಡರ್ ಆಗಿದ್ದ. ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಹೆಸರುಗಳನ್ನು ಪೂರ್ತಿ ಓದಲು ತಿಣುಕಾಡುತ್ತಿದ್ದವನು ಅವುಗಳ ಬಾಲ ಮಾತ್ರ ನೋಡಿ ಬಾಟಲಿ ಜೋಡಿಸುತ್ತಿದ್ದ. ಕ್ಲೋರೈಡು, ಸಲ್ಫೈಡುಗಳಿಗೆ ಒಂದು ಹಲಗೆ. ಸಲ್ಫೇಟು, ನೈಟ್ರೇಟುಗಳಿಗೆ ಇನ್ನೊಂದು. ಸಲ್ಫೈಟು, ನೈಟ್ರೈಟುಗಳಿಗೆ ಅದರ ಕೆಳಗಿನದು. ಲೆಕ್ಚರರುಗಳು ಮೊದಮೊದಲು ಗೊಣಗಿದರು. ಕೇಳಿದ್ದು ಕಣ್ಣು ಮಿಟುಕಿಸುವುದರೊಳಗೆ ಕೈಗೆ ಬರುತ್ತಿದ್ದುದರಿಂದ ಸುಮ್ಮನಾದರು.

ವರ್ಷಾನುಗಟ್ಟಲೆ ಟೆಸ್ಟ್‌ಟ್ಯೂಬ್ ತೊಳೆಯುತ್ತಾ ಅದೇ ಪಾಠ ಕೇಳಿ ಕೇಳಿ ಅವನಿಗೆ ಆ ಬಾಲಗಳ ಅರ್ಥವೂ ತಿಳಿದುಬಿಟ್ಟಿತ್ತು. ತೊಂಬತ್ತರ ದಶಕದ ಮೊದಲಲ್ಲಿ ನಾನು ಅದೇ ಕಾಲೇಜಿಗೆ ಪಿಯುಸಿ ಸೇರಿದಾಗ, ಪಾಂಡವಪುರದ ನಮ್ಮ ಮನೆಯ ಜಗಲಿಯಲ್ಲಿ ಹಸುವಿಗೆ ಹುಲ್ಲು ಕತ್ತರಿಸುತ್ತಾ ಹೇಳಿಕೊಟ್ಟ.

"ಐಡು ಅಂದ್ರೆ ಮನೇಲಿ ಗಂಡ ಎಂಡ್ತಿ ಇಬ್ರೇ ಕಣವ್ವ. ಏಟು ಅಂದ್ರೆ ಆಮ್ಲಜನಕ ನೆಂಟ್ರಂಗೆ ಬಂದು ಕುಂತದೆ. ಐಟು ಅಂದ್ರೂ ನೆಂಟ್ರು ಅವ್ರೆ, ಆದ್ರೆ ಒಬ್ಬ ಕಮ್ಮಿ."

"ಹೈಡ್ರಾಕ್ಸೈಡು?" ಎಂದೆ, ಸಿಕ್ಕಿಹಾಕಿಸಬೇಕೆಂದೇ.

"ಅದು ಕಳ್ಳ. ಬಾಲ ಐಡು, ಒಳಗೆ ಆಮ್ಲಜನಕ ಮಡಿಕಂಡದೆ. ಅದ್ಕೇ ಬ್ಯಾರೆ ಮಡಗಿವ್ನಿ" ಎಂದು ನಕ್ಕ.

ಪುಸ್ತಕದಲ್ಲಿ ತಲೆಗೆ ಹತ್ತದ್ದು ಅವನ ಮೂರು ಮಾತಿಗೆ ಹತ್ತಿತು. ನಾನು ಮಾತ್ರ ಕಾಲೇಜಿನ ಮೊದಲ ದಿನವೇ ಅವನಿಗೆ, "ಅಲ್ಲಿ ನನ್ನ ಮಾತಾಡಿಸ್ಬೇಡಪ್ಪ" ಎಂದಿದ್ದೆ. ಆಸಿಡ್ ಬಿದ್ದು ತೂತಾದ ಅವನ ಖಾಕಿ ಅಂಗಿ ಕಂಡರೆ ನನಗೆ ನಾಚಿಕೆ. "ಆಯ್ತು ಬುಡವ್ವ" ಎಂದ. ಎರಡು ವರ್ಷ ಒಂದೇ ಬಸ್ಸಿನಲ್ಲಿ ಹೋದೆವು, ನಾನು ಮುಂದೆ, ಅವನು ಹಿಂದೆ. ಲ್ಯಾಬಿನಲ್ಲಿ ಅವನು ಯಾರೋ, ನಾನು ಯಾರೋ. ಕೊಟ್ಟ ಮಾತಿಗೆ ಅಪ್ಪ ಒಂದು ದಿನವೂ ತಪ್ಪಲಿಲ್ಲ.

ಎರಡನೇ ಪಿಯುಸಿಯ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದಿದ್ದರು. ಸಲ್ಫೇಟಿಗೂ ಸಲ್ಫೈಟಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಹೆದರಿಕೆಗೆ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ನೆಂಟರ ಕತೆಯನ್ನೇ ಹೇಳಿದೆ, ಐಡಿನ ಗಂಡ ಹೆಂಡತಿಯನ್ನೂ ಸೇರಿಸಿ. ಅವರು ಗಟ್ಟಿಯಾಗಿ ನಕ್ಕರು.

"ಭೇಷ್! ಯಾರಮ್ಮ ಇದನ್ನ ಹೇಳ್ಕೊಟ್ಟಿದ್ದು?"

ಸಿಂಕಿನ ಹತ್ತಿರ ನಿಂತಿದ್ದ ಅಪ್ಪ ತಟ್ಟನೆ ತಲೆಯೆತ್ತಿ ನನ್ನನ್ನೇ ನೋಡಿದ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ನನ್ನ ಹಿಂದೆ ಗೆಳತಿಯರಿಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು.

"ಟ್ಯೂಷನ್ ಮೇಷ್ಟ್ರು ಸರ್" ಎಂದೆ.

ಅಪ್ಪ ನಲ್ಲಿ ನಿಲ್ಲಿಸಿ ಟ್ರೇ ಎತ್ತಿಕೊಂಡು ಒಳಗೆ ಹೋದ.

ಸಂಜೆ ಮನೆಗೆ ಬಂದಾಗ ಅಮ್ಮ, "ಎಂಗಾಯ್ತು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಭೇಷ್ ಅನ್ನಿಸ್ಕಂಡ್ಲು ಕಣೆ. ಟ್ಯೂಷನ್ ಮೇಷ್ಟ್ರು ಚೆಂದಾಗಿ ಯೋಳ್ಕೊಟ್ಟವ್ರೆ" ಎಂದ.

"ಯಾವ ಟ್ಯೂಷನ್ನು? ಇವ್ಳು ಯಾವಾಗ್ ಸೇರ್ಕಂಡ್ಲು?"

"ಅವ್ರೆ ಬುಡು ಒಬ್ರು" ಎಂದು ಕೈಕಾಲು ತೊಳೆಯಲು ಹಿತ್ತಲಿಗೆ ನಡೆದ.

ಅವನ ದನಿಯಲ್ಲಿ ಕುಹಕವಿತ್ತೇ ಎಂದು ಹುಡುಕಿದೆ. ಒಂದು ಚೂರಾದರೂ ಇದ್ದಿದ್ದರೆ ಅಲ್ಲೇ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ಇರಲಿಲ್ಲ. ನನ್ನ ಸುಳ್ಳು ಅಮ್ಮನಿಗೂ ಗೊತ್ತಾಗಬಾರದೆಂದು ಅದಕ್ಕೆ ಅವನೇ ಸಾಕ್ಷಿ ನಿಂತಿದ್ದ.

ಅಪ್ಪ ಆಮೇಲೂ ಬಹಳ ವರ್ಷ ಬದುಕಿದ್ದ. ಹೇಳಿಕೊಟ್ಟವನು ನೀನೇ ಎನ್ನಲು ದಿನಗಳು ಬೇಕಾದಷ್ಟಿದ್ದವು. ನಾನು ಅನ್ನಲೇ ಇಲ್ಲ.