ಹೆಗಲ ಮೇಲೆ ಉಳಿದ ಕೈ

ಬಿಜೈ ಸುತ್ತಮುತ್ತ ಯಾರಾದರೂ ತೀರಿಕೊಂಡರೆ ಮೊದಲ ಫೋನು ನೆಂಟರಿಗೆ, ಎರಡನೆಯದು ಜಲಜಾಕ್ಷಿಗೆ. ಸರಕಾರಿ ಬಸ್ ನಿಲ್ದಾಣದ ಹತ್ತಿರದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ ಅವಳ ಅಂಗಡಿ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ವಿಸಿಟಿಂಗ್ ಕಾರ್ಡು ಎಲ್ಲ ಮಾಡುತ್ತಾಳೆ, ಆದರೆ ಅವಳಿಗೆ ಹೆಸರು ಬಂದದ್ದು ತೀರಿಹೋದವರ ಪಟದಿಂದ. ಜೀವ ಇರುವಾಗ ಒಬ್ಬರೂ ನೆಟ್ಟಗೆ ಒಂದು ಫೋಟೋ ತೆಗೆಸಿಕೊಳ್ಳುವುದಿಲ್ಲವಲ್ಲ, ಅದೇ ಫಜೀತಿ. ಮನೆಯವರು ತರುವುದು ಯಾರದ್ದೋ ಮದುವೆಯ ಪಂಕ್ತಿಯಲ್ಲಿ ಕುಳಿತು ಬಾಯಿಗೆ ಹೋಳಿಗೆ ತುರುಕುತ್ತಿರುವ ಅಜ್ಜನನ್ನು. ಜಲಜಾಕ್ಷಿ ಹೋಳಿಗೆ ತೆಗೆಯುತ್ತಾಳೆ, ಬಾಯಿ ಮುಚ್ಚಿಸುತ್ತಾಳೆ, ಪಕ್ಕದವರ ಮೊಣಕೈ ಅಳಿಸುತ್ತಾಳೆ, ಹಿಂದೆ ತಿಳಿನೀಲಿ ಬಣ್ಣ ತುಂಬುತ್ತಾಳೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಊಟಕ್ಕೆ ಬಂದವರು ಆ ಪಟದ ಮುಂದೆ ನಿಂತು, "ಎಷ್ಟು ಚಂದ ಇದ್ದರು" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಬದುಕಿರುವಾಗ ಹಾಗೆ ಹೇಳಿದವರನ್ನು ನಾನಂತೂ ನೋಡಿಲ್ಲ.

ಇನ್ನು ಅವಳದೊಂದು ಪದ್ಧತಿ. ಕಂಪ್ಯೂಟರ್ ಕಲಿತವರು ಕೇಳಿದರೆ ತಲೆ ಚಚ್ಚಿಕೊಂಡಾರು. ಹೋದವರ ಪಟಗಳನ್ನು ಅವಳು ಮದುವೆ ಕಾಗದಗಳ ಜೊತೆ ಇಡುತ್ತಿರಲಿಲ್ಲ. ನಾಳೆ ತಾಳಿ ಕಟ್ಟುವ ಹುಡುಗಿಯ ಹೆಸರಿನ ಪಕ್ಕದಲ್ಲೇ ಮೊನ್ನೆ ಹೋದವರ ಮುಖ ಇರುವುದೆಂದರೆ ಏನು? ಮನಸ್ಸು ಒಪ್ಪಲಿಲ್ಲ. ಅಳಿಸಿಹಾಕಲಿಕ್ಕೂ ಆಗದು, ವರ್ಷ ತುಂಬಿದಾಗ ಪೇಪರಿನಲ್ಲಿ ಶ್ರದ್ಧಾಂಜಲಿ ಹಾಕಲು ಅದೇ ಪಟ ಬೇಕೆಂದು ಮನೆಯವರು ಬಂದೇ ಬರುತ್ತಾರೆ. ಅದಕ್ಕೆ ಅವಳು ಕಂಡುಕೊಂಡ ಜಾಗ ರಿಸೈಕಲ್ ಬಿನ್. ಪರದೆಯ ಮೂಲೆಯಲ್ಲಿರುವ ಆ ಬುಟ್ಟಿಗೆ ಹಾಕಿದರೆ ಕಣ್ಣೆದುರು ಇರುವುದಿಲ್ಲ, ಆದರೆ ಕರೆದರೆ ಬರುತ್ತಾರೆ. ಬೇಕಾದಾಗ ರಿಸ್ಟೋರ್ ಒತ್ತಿ ಮೇಲೆ ಕರೆಸಿಕೊಳ್ಳುವುದು, ಕೆಲಸ ಮುಗಿದ ಮೇಲೆ "ಮೆಲ್ಲ ಪೋಲೆ" ಎಂದು ತುಳುವಿನಲ್ಲಿ ಬೀಳ್ಕೊಟ್ಟು ಮತ್ತೆ ಕೆಳಗೆ ಕಳಿಸುವುದು. ಹನ್ನೊಂದು ವರ್ಷ ಆ ಬುಟ್ಟಿಯನ್ನು ಅವಳು ಒಮ್ಮೆಯೂ ಖಾಲಿ ಮಾಡಲಿಲ್ಲ.

ಐದು ವರ್ಷದ ಹಿಂದೆ ಅದೇ ಬುಟ್ಟಿಗೆ ಅವಳ ಗಂಡ ಲೋಕನಾಥನೂ ಹೋದ.

ಲೋಕನಾಥ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ಬಲಗೈಯ ತೋರುಬೆರಳಿನ ತುದಿಯನ್ನು ಆ ಮೆಷಿನು ಯಾವತ್ತೋ ತೆಗೆದುಕೊಂಡಿತ್ತು. ಬಾಯಲ್ಲಿ ಸದಾ ಎಲೆಅಡಿಕೆ, ಮೈಮೇಲೆ ಅದೇ ನೀಲಿ ಚೌಕಳಿ ಶರ್ಟು. ಕ್ಯಾಮೆರಾ ಕಂಡರೆ ಮುಖ ಬಿಗಿದುಕೊಂಡು ನಿಲ್ಲುತ್ತಿದ್ದವನು ಜೀವಮಾನದಲ್ಲಿ ಒಂದೇ ಒಂದು ಫೋಟೋದಲ್ಲಿ ನಕ್ಕಿದ್ದ: ಆಯುಧಪೂಜೆಯ ದಿನ, ಜೊತೆಗೆ ಕೆಲಸ ಮಾಡುತ್ತಿದ್ದ ಯೂಸ್ಟೇಸನ ಪಕ್ಕ ನಿಂತು ತೆಗೆಸಿದ್ದು, ಯೂಸ್ಟೇಸನದೇ ಮೊಬೈಲಿನಲ್ಲಿ. ಲೋಕನಾಥ ಹೋದಾಗ ಜಲಜಾಕ್ಷಿ ಅದನ್ನೇ ತೆಗೆದಳು. ಆದರೆ ತೊಕ್ಕೊಟ್ಟಿನಿಂದ ಬಂದಿದ್ದ ಅವನ ಅಣ್ಣ ಮಹಾಬಲ ಭಾವ ಬೆನ್ನ ಹಿಂದೆ ನಿಂತು, "ಈ ಶರ್ಟಿನಲ್ಲಿ ಬೇಡ. ನಾಲ್ಕು ಜನ ಬರುವ ಜಾಗ, ಒಂದು ಕೋಟು ಹಾಕು" ಎಂದರು. ಅತ್ತು ಅತ್ತು ಸುಸ್ತಾಗಿದ್ದ ಜಲಜಾಕ್ಷಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಹಲ್ಲಿನ ಕೆಂಪು ತೆಗೆದಳು, ಕಪ್ಪು ಕೋಟು ತೊಡಿಸಿದಳು, ಯೂಸ್ಟೇಸನನ್ನು ಕತ್ತರಿಸಿ ಬದಿಗಿಟ್ಟಳು. ನಗುವನ್ನು ಮುಚ್ಚಿಸಲು ಮಾತ್ರ ಅವಳಿಗೆ ಕೈ ಬರಲಿಲ್ಲ.

ಅಂದಿನಿಂದ ಮನೆಯ ಗೋಡೆಯ ಮೇಲೆ ಇದ್ದದ್ದು ಕೋಟಿನ ಲೋಕನಾಥ. ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗಲೂ ಅದೇ ಪಟ. ಕೋರಿರೊಟ್ಟಿಯ ಮುಂದೆ ಕೋಟು ಹಾಕಿ ಕುಳಿತವನನ್ನು ನೋಡಿದರೆ ಜಲಜಾಕ್ಷಿಗೆ ಯಾವುದೋ ಬ್ಯಾಂಕಿನ ಮ್ಯಾನೇಜರಿಗೆ ಬಡಿಸಿದ ಹಾಗಾಗುತ್ತಿತ್ತು. ಆದರೂ ಸಹಿಸಿಕೊಂಡಳು. ಮೂಲ ಫೋಟೋದ ನಿಜವಾದ ಲೋಕನಾಥ ಅಂಗಡಿಯಲ್ಲಿ, ಬುಟ್ಟಿಯೊಳಗೆ ಭದ್ರವಾಗಿದ್ದಾನೆ ಎಂಬ ಧೈರ್ಯ ಅವಳಿಗಿತ್ತು. ಬೇಸರವಾದ ಮಧ್ಯಾಹ್ನ ಮೇಲೆ ಕರೆಸಿ, ಐದು ನಿಮಿಷ ನೋಡಿ, ಮತ್ತೆ ಕಳಿಸುತ್ತಿದ್ದಳು. ಈ ವರ್ಷದ ಆಟಿಗೆ ಏನಾದರಾಗಲಿ, ಅದನ್ನೇ ಪ್ರಿಂಟ್ ತೆಗೆದು ಇಡುತ್ತೇನೆ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಕಂಪ್ಯೂಟರಿಗೆ ವಯಸ್ಸಾಯಿತು. ಹಳೆಯ ವಿಂಡೋಸಿನಲ್ಲಿ ಬೇಕಾದ ವೆಬ್‌ಸೈಟುಗಳು ತೆರೆಯುತ್ತಿರಲಿಲ್ಲ, ಹೊಸ ವಿಂಡೋಸ್ ಆ ಡಬ್ಬಿಯಲ್ಲಿ ಕೂರುತ್ತಿರಲಿಲ್ಲ. ಅದೇ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸುಮಯ್ಯಾ, ಹದಿನೈದು ವರ್ಷದ ಒಡನಾಡಿ, ಬಂದು ನೋಡಿದಳು.

"ಹೊಸತು ತೆಗೆಯುವುದು ಎಂತಕ್ಕೆ ಜಲಜಕ್ಕ? ಇದಕ್ಕೇ ವಿಂಡೋಸ್ ಬದಲು ಲಿನಕ್ಸ್ ಹಾಕಿ ಕೊಡ್ತೇನೆ. ಇನ್ನೂ ಐದು ವರ್ಷ ಓಡ್ತದೆ."

"ನನ್ನ ಸಾಮಾನು ಎಲ್ಲ ಹಾಗೇ ಇರ್ತದಲ್ಲ?"

"ಡೆಸ್ಕ್‌ಟಾಪಿನದ್ದು, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡಿ ಡ್ರೈವ್, ಎಲ್ಲ ಬೇರೆ ಹಾರ್ಡ್ ಡಿಸ್ಕಿಗೆ ತೆಗೆದು, ಮತ್ತೆ ಇದಕ್ಕೇ ಹಾಕ್ತೇನೆ. ಬೇರೆ ಎಲ್ಲಿಯಾದ್ರೂ ಉಂಟಾ?"

"ಎಲ್ಲ ಅದರೊಳಗೇ ಉಂಟು ಮಾರಾಯ್ತಿ. ಒಂದೂ ಬಿಡಬೇಡ" ಎಂದಳು ಜಲಜಾಕ್ಷಿ.

ಇಬ್ಬರದೂ ತಪ್ಪಲ್ಲ. ಎಲ್ಲ ಎಂದರೆ ಎಲ್ಲ ಎಂದುಕೊಂಡಳು ಇವಳು. ಮನೆ ಬದಲಿಸುವಾಗ ಕಸದ ಬುಟ್ಟಿಯನ್ನು ಯಾರು ಹೊತ್ತೊಯ್ಯುತ್ತಾರೆ ಎಂದುಕೊಂಡಳು ಅವಳು.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಮದುವೆ ಕಾಗದಗಳು ಒಂದೂ ತಪ್ಪದೆ ಬಂದಿದ್ದವು, 'ಗಣಪತಿ' ಎಂಬ ಹೆಸರಿನಲ್ಲಿದ್ದ ನೂರಾರು ಗಣಪತಿಗಳೂ ಬಂದಿದ್ದರು. ಜಲಜಾಕ್ಷಿ ಹೊಸ ಪರದೆಯನ್ನೆಲ್ಲ ಹುಡುಕಿ ಒಂದು ಬುಟ್ಟಿಯನ್ನು ಪತ್ತೆ ಮಾಡಿ ತೆರೆದಳು. ಒಳಗೆ ಏನೂ ಇರಲಿಲ್ಲ. ಮುಚ್ಚಿ ಮತ್ತೆ ತೆರೆದಳು.

"ಸುಮಯ್ಯಾ, ಇದರಲ್ಲಿ ಇದ್ದವರು ಎಲ್ಲಿ?"

"ಯಾವುದರಲ್ಲಿ?"

"ಬುಟ್ಟಿಯಲ್ಲಿ."

"ಅದಾ? ಅದು ಡಿಲೀಟ್ ಮಾಡಿದ ಕಸ ಅಲ್ವಾ? ತುಂಬ ಇತ್ತು. ಅದನ್ನು ಬೇರೆ ಡಿಸ್ಕಿಗೆ ತೆಗೆಯಲಿಲ್ಲ" ಎಂದಳು ಸುಮಯ್ಯಾ. ಜಲಜಾಕ್ಷಿ ಬುಟ್ಟಿಯ ಕಥೆ ಹೇಳಿದಳು. ಕೊನೆಗೆ, "ಇವರೂ ಅದರಲ್ಲೇ ಇದ್ದರು" ಎಂದು ಸೇರಿಸಿದಳು. ಸುಮಯ್ಯಾ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಅವಳಾದರೂ ಏನು ಕಮ್ಮಿ ಪಾಡುಪಟ್ಟಳೇ? ಅಳಿಸಿಹೋದದ್ದನ್ನು ಕೆದಕಿ ತೆಗೆಯುವ ಪ್ರೋಗ್ರಾಮು ಹಾಕಿ ನಾಲ್ಕು ದಿನ ತನ್ನ ಅಂಗಡಿಯ ಕೆಲಸ ಬಿಟ್ಟು ಕುಳಿತಳು. ಅದೇ ಡಿಸ್ಕಿನ ಮೇಲೆ ಹೊಸದೆಲ್ಲ ಬರೆದಾಗಿತ್ತು. ಸಿಕ್ಕಿದ್ದು ಯಾರದ್ದೋ ಹಣೆ, ಯಾರದ್ದೋ ಒಂದು ಕಿವಿ, ಅದರ ಕೆಳಗೆ ಬರೀ ಬೂದು ಬಣ್ಣ. ಲೋಕನಾಥನ ಒಂದು ಚೂರೂ ಸಿಗಲಿಲ್ಲ. ನಾಲ್ಕನೆಯ ಸಂಜೆ ಸುಮಯ್ಯಾ, "ನನಗೆ ಎರಡು ಬೈಯಿರಿ ಜಲಜಕ್ಕ, ಬೈದರೆ ಆದ್ರೂ ಸ್ವಲ್ಪ ಸಮಾಧಾನ" ಎಂದಳು. ಜಲಜಾಕ್ಷಿ ಇಬ್ಬರಿಗೂ ಚಾ ತರಿಸಿದಳು. ಮನೆಗೆ ಹೋಗಿ ಕೋಟಿನ ಪಟದ ಎದುರು ನಿಂತಾಗ ಮಾತ್ರ ದುಃಖ ಉಕ್ಕಿ ಬಂತು. ಐದು ವರ್ಷದ ಹಿಂದೆ ಒಮ್ಮೆ ಕಳಿಸಿಕೊಟ್ಟವನನ್ನು ತಾನೇ ಎರಡನೆಯ ಸಲ ಕಳಿಸಿಬಿಟ್ಟೆ ಎಂದು ಅವಳಿಗೆ ಅನ್ನಿಸಿತು, ಅದನ್ನು ಯಾರ ಹತ್ತಿರವೂ ಹೇಳಲಿಲ್ಲ.

ಆಟಿಯ ಎಲೆಗೆ ಹದಿನೈದು ದಿನ ಇರುವಾಗ ಗೆರ್ಟ್ರೂಡ್ ಬಾಯಿ ಮೆಟ್ಟಿಲು ಹತ್ತಿ ಬಂದರು. ಅವರು ಯೂಸ್ಟೇಸನ ಹೆಂಡತಿ, ಎಪ್ಪತ್ತರ ಹತ್ತಿರದವರು. ಲೋಕನಾಥನಿಗಿಂತ ಎರಡು ವರ್ಷ ಮೊದಲೇ ಯೂಸ್ಟೇಸ್ ಹೋಗಿದ್ದ. ಅವನ ಪಟವನ್ನು ಮಾಡಿಕೊಟ್ಟದ್ದೂ ಜಲಜಾಕ್ಷಿಯೇ, ಅದೇ ಆಯುಧಪೂಜೆಯ ಫೋಟೋದಿಂದ. ಪ್ರತಿ ವರ್ಷ ಪೇಪರಿಗೆ ಹಾಕಲು ಬೆರಳುದ್ದದ ಮುಖ ಒಂದನ್ನು ಗೆರ್ಟ್ರೂಡ್ ಬಾಯಿ ಇಲ್ಲಿಂದಲೇ ಒಯ್ಯುತ್ತಿದ್ದರು.

"ಬಾಯಮ್ಮ, ಫೈಲು ಹೋಗಿದೆ" ಎಂದು ಜಲಜಾಕ್ಷಿ ತಲೆ ತಗ್ಗಿಸಿದಳು. "ಯೂಸ್ಟೇಸಣ್ಣನ ಹಳೆ ಮೊಬೈಲ್ ಉಂಟಾ?"

"ಅದನ್ನು ಕೊಟ್ಟು ಹೊಸತು ತೆಗೆದು ಎಷ್ಟು ಕಾಲ ಆಯಿತು. ಗೋಡೆಯಲ್ಲಿ ದೊಡ್ಡದು ಉಂಟಲ್ಲ, ಅದು ಆಗ್ತದಾ?"

"ಆಗ್ತದೆ. ಸ್ಕ್ಯಾನ್ ಮಾಡ್ತೇನೆ."

ಮರುದಿನ ಬೆಳಿಗ್ಗೆ ಬಾಯಿ ಪಟವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ರಿಕ್ಷಾದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದರು. ಜಲಜಾಕ್ಷಿ ಗಾಜು ಬಿಚ್ಚಿ, ಧೂಳು ಒರೆಸಿದಳು. ಒರೆಸುತ್ತಿದ್ದ ಬಟ್ಟೆ ಯೂಸ್ಟೇಸನ ಎಡಹೆಗಲ ಹತ್ತಿರ ಬಂದು ನಿಂತಿತು.

ಹೆಗಲ ಮೇಲೆ ಒಂದು ಕೈ ಇತ್ತು. ನಾಲ್ಕು ಬೆರಳು, ಅದರಲ್ಲಿ ತೋರುಬೆರಳಿಗೆ ತುದಿ ಇಲ್ಲ. ಮಣಿಕಟ್ಟಿನ ಹತ್ತಿರ ಮಡಚಿದ ನೀಲಿ ಚೌಕಳಿ ತೋಳು, ಮೊಣಕೈಗೆ ಪಟದ ಅಂಚು.

ಬೇರೆಯವರ ಕೈ ಅಳಿಸುವುದು ಈ ಕಸುಬಿನ ಮೊದಲ ಪಾಠ. ನೂರಾರು ಮೊಣಕೈ ಅಳಿಸಿದ ತಾನು ಇದನ್ನು ಹೇಗೆ ಬಿಟ್ಟೆ? ಪೇಪರಿಗೆ ಮುಖ ಮಾತ್ರ ಹೋಗುತ್ತಿದ್ದುದರಿಂದ ಇಷ್ಟು ವರ್ಷ ಈ ಹೆಗಲ ಕಡೆಗೆ ಅವಳು ನೋಡಿಯೇ ಇರಲಿಲ್ಲ.

"ಇದು..." ಎಂದಳು.

"ನಿನಗೆ ಮರೆತೇ ಹೋಯಿತಾ ಜಲಜಾ?" ಎಂದರು ಬಾಯಿ. "ಅವತ್ತು ಲೋಕನಾಥ ಇಲ್ಲೇ, ಈ ಬಾಗಿಲ ಹತ್ತಿರ ನಿಂತಿದ್ದ. ನೀನು ಕೈ ತೆಗೆಯಲಿಕ್ಕೆ ಹೊರಟೆ. 'ತೆಗೆಯಬೇಡ ಮಾರಾಯ್ತಿ, ಅವನು ಒಬ್ಬನೇ ಹೋಗುವುದು, ನನ್ನ ಕೈ ಆದರೂ ಇರಲಿ' ಅಂತ ಹೇಳಿದ. ನನಗೆ ಅದು ದಿನಾ ಪ್ರಾರ್ಥನೆಗೆ ಕೂತಾಗ ನೆನಪಾಗ್ತದೆ."

ಜಲಜಾಕ್ಷಿಗೆ ಆಗ ಎಲ್ಲ ನೆನಪಾಯಿತು. ಬಾಗಿಲಿಗೆ ಒರಗಿದ ಭಂಗಿ, ಎಲೆಅಡಿಕೆಯ ವಾಸನೆ. ಅವಳು ಆ ಪಟದ ಮೇಲೆ, ತುದಿಯಿಲ್ಲದ ಬೆರಳಿನ ಮೇಲೆ ತನ್ನ ಬೆರಳು ಇಟ್ಟು ಸದ್ದಿಲ್ಲದೆ ಅತ್ತಳು. ಗೆರ್ಟ್ರೂಡ್ ಬಾಯಿ ಬೆಡ್‌ಶೀಟಿನ ತುದಿಯನ್ನು ಅವಳ ಕೈಗೆ ಕೊಟ್ಟು, ತಾವು ಕಿಟಕಿಯ ಕಡೆ ತಿರುಗಿ ಬಸ್ಸು ನೋಡುತ್ತ ಕುಳಿತರು.

ಮಧ್ಯಾಹ್ನ ಜಲಜಾಕ್ಷಿ ಮನೆಗೆ ಹೋಗಿ ಕೋಟಿನ ಪಟವನ್ನು ಗೋಡೆಯಿಂದ ಇಳಿಸಿ ತಂದಳು. ಎರಡನ್ನೂ ಸ್ಕ್ಯಾನ್ ಮಾಡಿದಳು. ಒಂದರಲ್ಲಿ ಅವನ ಮುಖ, ಇನ್ನೊಂದರಲ್ಲಿ ಅವನ ಕೈ. ನಡುವೆ ಬೇಕಾದದ್ದು ಒಂದು ಶರ್ಟು ಮಾತ್ರ, ಆ ಶರ್ಟಿನ ಬಟ್ಟೆ ಒಂದು ಗೇಣು ತೋಳಿನಲ್ಲಿ ಉಳಿದಿತ್ತು.

ಹೊಸ ಲಿನಕ್ಸಿನಲ್ಲಿ ಕತ್ತರಿ ಒಂದು ಕಡೆ, ಅಂಟು ಇನ್ನೊಂದು ಕಡೆ. ಜಲಜಾಕ್ಷಿ ಅದಕ್ಕೆ ಶಾಪ ಹಾಕುತ್ತ ಕಲಿತಳು; ಪಕ್ಕದಲ್ಲಿ ಸುಮಯ್ಯಾ ಸ್ಟೂಲು ಎಳೆದುಕೊಂಡು ಕುಳಿತು, ಎಲ್ಲೆಲ್ಲಿ ಒತ್ತಬೇಕೆಂದು ಹೇಳಿಕೊಟ್ಟಳು. ತೋಳಿನ ಚೌಕಗಳನ್ನು ಒಂದೊಂದಾಗಿ ಎತ್ತಿ ಎದೆಗೆ ಕೂರಿಸುವುದಕ್ಕೆ ಒಂದು ವಾರ ಹಿಡಿಯಿತು. ಆ ಶರ್ಟನ್ನು ಹದಿನಾಲ್ಕು ವರ್ಷ ಒಗೆದವಳು ಅವಳೇ ಅಲ್ಲವೇ? ಜೇಬು ಎಷ್ಟು ಜೋತು ಬಿದ್ದಿತ್ತು, ಕಾಲರು ಎಲ್ಲಿ ಸವೆದಿತ್ತು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಕೋಟು ಹೋಯಿತು. ಕೊನೆಗೆ ತುಟಿಗೂ ಹಲ್ಲಿಗೂ ಒಂಚೂರು ಕೆಂಪು ಮೆತ್ತಿದಳು. ಅವನು ಬದುಕಿದ್ದಾಗ ಆ ಕೆಂಪಿಗಾಗಿ ದಿನಾ ಜಗಳವಾಡುತ್ತಿದ್ದವಳು.

"ಇದನ್ನು ಎಲ್ಲಿ ಸೇವ್ ಮಾಡುವುದು?" ಎಂದು ಸುಮಯ್ಯಾ ಮೆಲ್ಲಗೆ ಕೇಳಿದಳು.

"ಎದುರಿಗೇ ಇಡು, ಮದುವೆ ಕಾಗದದ ಹತ್ತಿರ" ಎಂದಳು ಜಲಜಾಕ್ಷಿ. "ಉಳಿದವರ ಮನೆಗಳಿಗೂ ಫೋನ್ ಮಾಡುವ. ಗೋಡೆಯಲ್ಲಿದ್ದ ಪಟ ತರಲಿ, ಎಲ್ಲರನ್ನೂ ಅಲ್ಲೇ ಇಡುವ."

ಆಟಿಯ ಎಲೆಯ ದಿನ ತೊಕ್ಕೊಟ್ಟಿನಿಂದ ಮಹಾಬಲ ಭಾವ ಬಂದರು. ಗೆರ್ಟ್ರೂಡ್ ಬಾಯಿ, ಸುಮಯ್ಯಾ ಮೊದಲೇ ಬಂದು ಚಾವಡಿಯಲ್ಲಿ ಕುಳಿತಿದ್ದರು. ದೀಪದ ಹಿಂದೆ ಹೊಸ ಪಟ. ಚೌಕಳಿ ಶರ್ಟಿನ ಲೋಕನಾಥ ಬಾಯಿ ಕೆಂಪಗೆ ಮಾಡಿಕೊಂಡು ನಗುತ್ತಿದ್ದ, ಪಕ್ಕದಲ್ಲಿ ಯೂಸ್ಟೇಸ್, ಅವನ ಹೆಗಲ ಮೇಲೆ ಆ ಕೈ. ಭಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ತಮ್ಮನ ನಗುವನ್ನು ಅವರೂ ಮರೆತಿದ್ದರೋ ಏನೋ, ಕೋಟಿನ ಮಾತು ಎತ್ತಲಿಲ್ಲ.

"ಚಂದ ಬಂದಿದೆ" ಎಂದರು. "ಆದರೆ ಎಲೆ ಹಾಕುವುದು ನಮ್ಮವನಿಗೆ. ಪಕ್ಕದಲ್ಲಿದ್ದವರನ್ನು ಸ್ವಲ್ಪ ಕಟ್ ಮಾಡಬಹುದಿತ್ತಲ್ಲ?"

ಜಲಜಾಕ್ಷಿ ರೊಟ್ಟಿಯ ಮೇಲೆ ಕೋಳಿಯ ಸಾರು ಹೊಯ್ಯುತ್ತಿದ್ದಳು. ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡಳು.

"ಆಗುವುದಿಲ್ಲ ಭಾವ" ಎಂದಳು. "ಕೈ ತೆಗೆಯಬೇಡ ಅಂತ ಅವರೇ ಹೇಳಿದ್ದಾರೆ."