ತೊಕಿಕೊ ಕಪ್ಪು ಮಾಡಿದ ಮುಖ

ತೊಕಿಕೊಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳೋದು ಯಾಕೆ? ಹತ್ತೊಂಬತ್ತು ವರ್ಷ ಅದನ್ನು ಒಳಗಿಟ್ಟುಕೊಂಡೇ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಕುಜಿಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು, "ನಮಸ್ಕಾರ ಮೇಷ್ಟ್ರೇ" ಅನ್ನುತ್ತಿದ್ದಳು, ತನ್ನ ಮೇಜಿಗೆ ಹೋಗಿ ಶಾಯಿ ಬುಡ್ಡಿಯ ಮುಚ್ಚಳ ತೆಗೆಯುತ್ತಿದ್ದಳು.

ಮೇಷ್ಟ್ರಂತೆ ಮೇಷ್ಟ್ರು! ಇಬ್ಬರೂ ಒಂದೇ ವರ್ಷ ಟೋಕಿಯೊಗೆ ಬಂದವರು. ಅವಳು ನಾಗಾಓಕಾದಲ್ಲಿ ಅಂಗಡಿ ಬೋರ್ಡು ಬರೆಯುವವನ ಮಗಳು, ಅವನು ಉತ್ತರದ ಕಡೆ ಯಾವುದೋ ಮೀನುಗಾರರ ಊರಿನವನು. ಹೊಸಬರ ಸ್ಪರ್ಧೆಗೆ ಒಂದೇ ಮಾಸಪತ್ರಿಕೆಗೆ ಇಬ್ಬರೂ ಭೂತದ ಕಾಮಿಕ್ಸ್ ಬರೆದು ಕಳಿಸಿದರು. ಎರಡನೇ ಬಹುಮಾನ ಯಾರಿಗೆ ಬಂತು ಗೊತ್ತೇ? ತೊಕಿಕೊಗೆ! ಕುಜಿಗೆ ಮೂರನೆಯದು. ಆದರೆ ಆ ಚಳಿಗಾಲ ಅಪ್ಪನಿಗೆ ಲಕ್ವ ಹೊಡೆಯಿತು, ಇವಳು ಊರಿಗೆ ಹೋದಳು. ಎಂಟು ತಿಂಗಳ ಮೇಲೆ ಬಂದು ನೋಡಿದರೆ ಅದೇ ಪತ್ರಿಕೆಯಲ್ಲಿ ಕುಜಿಯ ಧಾರಾವಾಹಿ ಶುರುವಾಗಿಬಿಟ್ಟಿತ್ತು.

"ಮೂರು ತಿಂಗಳು ಕೈಜೋಡಿಸು ಮಾರಾಯ್ತಿ," ಅಂದಿದ್ದ. "ಹಿನ್ನೆಲೆ ಮಾತ್ರ ನೀನು ಬರಿ. ಆಮೇಲೆ ನಿನ್ನ ಕಥೆ ನೀನು ಮಾಡ್ಕೊ."

ಆ ಮೂರು ತಿಂಗಳು ಮುಗಿಯಲೇ ಇಲ್ಲ. ದೆವ್ವ, ಸತ್ತವರು, ಕಣ್ಣುಗುಡ್ಡೆ ಇಲ್ಲದ ಮಕ್ಕಳು, ಇವೆಲ್ಲ ಅವನ ಪಾಲು. ಹಳೇ ಮನೆ, ಕಿರುಗುಟ್ಟುವ ಮೆಟ್ಟಿಲು, ಪಾಚಿ ಹಿಡಿದ ಬಾವಿ, ಮಳೆ, ಇವೆಲ್ಲ ಅವಳ ಪಾಲು. ಅವನ ಭೂತಗಳೆಲ್ಲ ವಾಸ ಮಾಡಿದ್ದು ಇವಳು ಕಟ್ಟಿದ ಮನೆಗಳಲ್ಲೇ. ಓದುಗರು ಕಾರ್ಡು ಬರೆಯುತ್ತಿದ್ದರು: "ಕುಜಿ ಮೇಷ್ಟ್ರ ಮನೆಗಳು ಉಸಿರಾಡ್ತವೆ!" ಆ ಕಾರ್ಡುಗಳನ್ನು ವಿಂಗಡಿಸುವ ಕೆಲಸವೂ ತೊಕಿಕೊದೇ. ಓದುವಾಗ ಮೈಯೆಲ್ಲ ಉರಿಯುತ್ತಿತ್ತು. ಸಹಾಯಕರ ಕೈ ಮೇಷ್ಟ್ರ ಕೈಯ ಹಾಗೇ ಕಾಣಬೇಕು ಅನ್ನೋದು ಆ ಕಸುಬಿನ ಮರ್ಯಾದೆ. ಹೆಸರು ಅವನೊಬ್ಬನದೇ.

ಭಾನುವಾರ ಭಾನುವಾರ ಕೂತು ತನ್ನದೇ ಕಥೆ ಬರೆದು ಸಂಪಾದಕ ನೆಮೊತೊನ ಹತ್ತಿರ ತೆಗೆದುಕೊಂಡು ಹೋದಳು. ಒಂದಲ್ಲ, ಏಳು ಕಥೆ. ನೆಮೊತೊ ಪುಟ ತಿರುವಿ ನೋಡಿ, "ಚೆನ್ನಾಗಿದೆ ತೊಕಿಕೊ ಅವ್ರೇ, ಆದ್ರೆ ಏನ್ ಮಾಡೋದು, ಥೇಟ್ ಕುಜಿ ಮೇಷ್ಟ್ರು ಬರೆದ ಹಾಗೇ ಇದೆಯಲ್ಲ!" ಅಂದ.

ಅವನದ್ದೇ ನನ್ನ ಹಾಗಿರೋದು ಕಣಯ್ಯಾ ಅಂತ ಗಂಟಲವರೆಗೂ ಬಂತು. ನುಂಗಿಕೊಂಡು ತಲೆ ಬಗ್ಗಿಸಿ ಬಂದಳು.

ಹೀಗಿರುವಾಗ ಆ ಆಗಸ್ಟ್ ಬಂತು. ಸತ್ತ ತಾಯಿ ಮಗಳ ಮದುವೆಗೆ ಬಂದು ನಿಲ್ಲುವ ಕಥೆ. ಎರಡು ಪುಟ ಸೇರಿಸಿ ಒಂದೇ ದೊಡ್ಡ ಚಿತ್ರ, ನಡುವೆ ತಾಯಿಯ ಮುಖ. ಕುಜಿ ಆ ಮುಖಕ್ಕೆ ಮೂರು ದಿನ ಕೂತ. ಒಂದೊಂದು ಸುಕ್ಕು, ಒಂದೊಂದು ರೆಪ್ಪೆ. ಕಪ್ಪು ತುಂಬಬೇಕಾದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಸಣ್ಣ ಇಂಟು ಮಾರ್ಕು ಹಾಕುವುದು ಪದ್ಧತಿ; ಕೂದಲ ಮೇಲೆ ಹಾಕಿದ, ಮಕ್ಕಳ ಮದುವೆಗೆ ತಾಯಂದಿರು ಉಡುವ ಕಪ್ಪು ಕಿಮೊನೊ ಮೇಲೆ ಹಾಕಿದ, ಹಾಳೆ ಇವಳ ಮೇಜಿಗೆ ತಳ್ಳಿದ.

"ಈ ಸಲ ನೋಡು, ನಾನು ಸತ್ತ ಮೇಲೂ ಇದೊಂದು ಉಳಿಯುತ್ತೆ," ಅಂದ.

ಆ ಮಾತು ಆಡಬಾರದಿತ್ತು ಅವನು. ಮಧ್ಯಾಹ್ನ ಎರಡು ಗಂಟೆ. ಇನ್ನಿಬ್ಬರು ಸಹಾಯಕರು ಊಟಕ್ಕೆ ಹೋಗಿದ್ದರು, ಕುಜಿ ಸ್ನಾನಕ್ಕೆ ಹೋಗಿದ್ದ, ಪ್ರೆಸ್ಸಿಗೆ ಹಾಳೆ ಒಯ್ಯಲು ಬಂದಿದ್ದ ನೆಮೊತೊ ಹೊರಗಿನ ಕೋಣೆಯಲ್ಲಿ ಗಡಿಯಾರ ನೋಡುತ್ತಾ ಕೂತಿದ್ದ. ತೊಕಿಕೊ ಕೂದಲಿಗೆ ಕಪ್ಪು ತುಂಬಿದಳು. ಕುಂಚ ಹಣೆಯ ಅಂಚಿಗೆ ಬಂತು. ನಿಲ್ಲಿಸಲಿಲ್ಲ. ಹಾಳಾಗಿ ಹೋಗಲಿ ಅಂತ ಮನಸ್ಸು ಕೂಗಿತು, ಹಣೆ ಮುಗಿಯಿತು, ಕಣ್ಣು ಮುಗಿಯಿತು, ಮೂರು ದಿನದ ಸುಕ್ಕೆಲ್ಲ ಶಾಯಿಯಲ್ಲಿ ಮುಳುಗಿತು. ಮೂಗು ದಾಟುವ ಹೊತ್ತಿಗೆ ಅವಳಿಗೇ ಜೀವ ಝಲ್ಲೆಂದಿತು. ಅಯ್ಯೋ, ಇದು ಹೆದರಿಸ್ತಾ ಇದೆಯಲ್ಲ! ಕೈ ತಡೆಯಿತು. ಸಣ್ಣ ಕುಂಚ ತೆಗೆದುಕೊಂಡು ಉಳಿದದ್ದನ್ನು ತುಂಬಿದಳು. ತುಟಿಯ ಎಡ ತುದಿಯಲ್ಲಿ ಮಾತ್ರ ಒಂದು ಕೂದಲೆಳೆಯಷ್ಟು ಬಿಳಿ ಗೆರೆ ಬಿಟ್ಟಳು. ಆ ಕಪ್ಪು ಮುಖ ನಕ್ಕಿತು.

ಕುಜಿ ಬಂದು ನೋಡಿದ. ಹಾಳೆಯ ಮೇಲೆ ಬಗ್ಗಿದ.

"ಇಂಟು ಮಾರ್ಕು ಇತ್ತು ಅಂದ್ಕೊಂಡೆ ಮೇಷ್ಟ್ರೇ. ತಪ್ಪಾಯ್ತು," ಅಂದಳು ತೊಕಿಕೊ, ಹಣೆ ನೆಲಕ್ಕೆ ಹಚ್ಚಿ. ಮಾರ್ಕು ಇತ್ತೋ ಇಲ್ಲವೋ ಯಾರು ಹೇಳಬೇಕು, ಶಾಯಿಯ ಕೆಳಗೆ ಎಲ್ಲ ಒಂದೇ. ಮತ್ತೆ ಬರೆಯಲು ಹೊತ್ತಿರಲಿಲ್ಲ. ನೆಮೊತೊ ಹಾಳೆ ಕಿತ್ತುಕೊಂಡವನಂತೆ ತೆಗೆದುಕೊಂಡು ಓಡಿದ.

ಮುಂದಿನ ತಿಂಗಳು ಕಾರ್ಡುಗಳ ರಾಶಿ ಬಂತು. ಓದುಗರ ಮತದಲ್ಲಿ ಕುಜಿಯ ಕಥೆಗೆ ಮೊದಲ ಸ್ಥಾನ! "ಆ ಮುಖ ನೋಡಿ ಪತ್ರಿಕೆನ ಬೀರು ಹಿಂದೆ ಎಸೆದೆ," ಅಂತ ಒಬ್ಬಳು ಬರೆದಿದ್ದಳು. "ಕುಜಿ ಮೇಷ್ಟ್ರು ಬರೆಯದೇ ಬರೆದಿದ್ದಾರೆ," ಅಂತ ಇನ್ನೊಬ್ಬ. ತೊಕಿಕೊ ವಿಂಗಡಿಸುತ್ತಾ ಕೂತಳು. ಇಂಥ ಕರ್ಮ ಯಾರಿಗಾದರೂ ಬಂದೀತೇ? ಕೆಡಿಸೋಕೆ ಹೋಗಿ ಅವನನ್ನೇ ಮೇಲೆತ್ತಿದ್ದಳು, ಅದನ್ನು ಬಾಯಿ ಬಿಟ್ಟು ಹೇಳುವ ಹಾಗೂ ಇಲ್ಲ!

ಕುಜಿ ಆಮೇಲೆ ಮೂರು ಕಥೆಗಳಲ್ಲಿ ತಾನೇ ಕುಂಚ ಹಿಡಿದು ಮುಖ ಕಪ್ಪು ಮಾಡಿದ. ತುಟಿಯ ಹತ್ತಿರ ಗೆರೆಯನ್ನೂ ಬಿಟ್ಟ. ಯಾರೂ ಹೆದರಲಿಲ್ಲ. ಆದರೂ ಆ ವರ್ಷದ ದೊಡ್ಡ ಪ್ರಶಸ್ತಿ ಅವನಿಗೇ ಬಂತು, ಆಗಸ್ಟಿನ ಕಥೆಗೆ.

ಹೋಟೆಲಿನ ಸಭೆಯಲ್ಲಿ ಗೋಡೆ ತುಂಬ ಆ ಮುಖ. ಕುಜಿ ವೇದಿಕೆ ಹತ್ತಿದ, ಎಲ್ಲರಿಗೂ ಬಗ್ಗಿ ವಂದಿಸಿದ. "ಒಂದು ಸತ್ಯ ಹೇಳ್ಬೇಕು," ಅಂದ. "ಈ ಕಪ್ಪು ನನ್ನ ಬುದ್ಧಿ ಅಲ್ಲ. ನಮ್ಮ ತೊಕಿಕೊ ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿದ್ದು, ಅದೇ ಇದು. ಎದ್ದು ನಿಲ್ಲಮ್ಮಾ!"

ಸಭೆ ಪ್ರೀತಿಯಿಂದ ನಕ್ಕಿತು. ತೊಕಿಕೊ ಎದ್ದಳು. ನೂರಾರು ಮುಖಗಳು ಇವಳ ಕಡೆ. ಜೀವಮಾನವಿಡೀ ಕಾದಿದ್ದು ಇದಕ್ಕೇ. ಬಂದ ಹೆಸರು ಇದು: ತಪ್ಪು ಮಾಡಿದವಳು. ಬಗ್ಗಿ ವಂದಿಸಿ ಕೂತರೆ ಸಾಯೋವರೆಗೂ ಅದೇ ಹೆಸರು. ತಪ್ಪಲ್ಲ ಅಂದರೆ ಹೊಟ್ಟೆಯುರಿಯ ಹೆಂಗಸು ಅಂತ ಊರೆಲ್ಲ ತಿಳಿಯುತ್ತೆ.

"ತಪ್ಪಲ್ಲ ಮೇಷ್ಟ್ರೇ," ಅಂದಳು. ದನಿ ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು. "ಮಾರ್ಕು ಇರ್ಲಿಲ್ಲ. ನಿಮ್ಮ ಚಿತ್ರ ಹಾಳಾಗ್ಲಿ ಅಂತ ಬೇಕಂತಲೇ ಬಳಿದೆ. ಅರ್ಧ ಆದ್ಮೇಲೆ, ನಿಮ್ಮದಕ್ಕಿಂತ ಇದೇ ಚೆನ್ನಾಗಿದೆ ಅಂತ ಗೊತ್ತಾಯ್ತು. ತಪ್ಪಾಗಿದ್ರೆ ಆ ಗೆರೆ ಬಿಡ್ತಿದ್ನಾ?"

ಮೊದಲು ನೆಮೊತೊ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಸಭೆಯೇ ನಕ್ಕಿತು. ಎಂಥ ತಮಾಷೆ ಹೆಂಗಸಪ್ಪಾ ಅಂತ ಚಪ್ಪಾಳೆ ತಟ್ಟಿದರು.

ಕುಜಿ ನಗಲಿಲ್ಲ. ಪ್ರಶಸ್ತಿಯ ಫಲಕ ಕಂಕುಳಲ್ಲಿಟ್ಟುಕೊಂಡೇ ವೇದಿಕೆಯಿಂದ ಇಳಿದು, ಜನರನ್ನು ಸರಿಸಿಕೊಂಡು ಅವಳ ಮೇಜಿಗೆ ಬಂದ. ಮುಖ ಬಿಳುಚಿತ್ತು, ತುಟಿ ಒಣಗಿತ್ತು. ಹತ್ತೊಂಬತ್ತು ವರ್ಷ ತಾನು ಅವನನ್ನು ಹೇಗೆ ನೋಡುತ್ತಿದ್ದಳೋ ಹಾಗೇ ಅವನು ಈಗ ತನ್ನನ್ನು ನೋಡುತ್ತಿದ್ದಾನೆ ಅಂತ ತೊಕಿಕೊಗೆ ತಿಳಿಯಿತು.

"ಆ ಗೆರೆ ಎಷ್ಟು ಉದ್ದ ಬಿಡ್ಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು?" ಅಂತ ಪಿಸುಗುಟ್ಟಿದ.

ತೊಕಿಕೊ ತಟ್ಟೆಯಿಂದ ಒಂದು ಕರಿದ ಸೀಗಡಿ ಎತ್ತಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದಳು.

"ಹೇಳಲ್ಲ," ಅಂದಳು.